ಅಂತಾರಾಷ್ಟ್ರೀಯ ನ್ಯಾಯದಲ್ಲಿ ಲೈಂಗಿಕ ಪ್ರವೃತ್ತಿ: ಏಕಾಂತದಿಂದ ಸಮಾನತೆಗೆ

ಲೈಂಗಿಕ ಪ್ರವೃತ್ತಿಯ ಕಾರಣದಿಂದ ಮನುಷ್ಯರಲ್ಲಿ ತಾರತಮ್ಯವೆಣಿಸಕೂಡದೆಂಬ ನಿಯಮವು ಅಂತಾರಾಷ್ಟ್ರೀಯ ಮಾನವ ಹಕ್ಕುಗಳ ನ್ಯಾಯದಲ್ಲಿ ಬೆಳೆದು ಬಂದ ಬಗೆಯನ್ನು ಕುರಿತು ನಮ್ಮ ಕಾನೂನು ಕಾಲೇಜುಗಳ ಪಾಠಗಳಲ್ಲಿಯೂ ಪತ್ರಿಕೆಗಳ ಅಂಕಣಗಳಲ್ಲಿಯೂ ಎರಡು ಮಾತುಗಳು ಪರಿಶೀಲನೆಯಿಲ್ಲದೆ ಪ್ರಚಾರಕ್ಕೆ ಬಂದಿವೆ. ಇದು ಯುರೋಪಿನಲ್ಲಿ ಹುಟ್ಟಿ ಪೂರ್ವದೇಶಗಳ ಮೇಲೆ ಹೇರಲ್ಪಟ್ಟ ವಿಚಾರವೆಂಬುದು ಒಂದು. ಬಾಗಿಲು ಮುಚ್ಚಿದ ಮನೆಯೊಳಗೆ ನಡೆಯುವುದನ್ನು ರಾಜ್ಯವು ಕೇಳಕೂಡದೆಂಬ ಖಾಸಗಿತನದ ತತ್ತ್ವವೇ ಇದರ ಸರ್ವಸ್ವವೆಂಬುದು ಇನ್ನೊಂದು. ಮೊದಲನೆಯದನ್ನು ಹೇಳುವವರು ವಿರೋಧಿಗಳು, ಎರಡನೆಯದನ್ನು ಹೇಳುವವರು ಮಿತ್ರರು. ಈ ಕ್ಷೇತ್ರದ ಅಧ್ಯಯನ ಅಧ್ಯಾಪನಗಳಲ್ಲಿ ಬಹುಕಾಲ ಕಳೆದಿರುವ ನನಗೆ ಎರಡೂ ಇತಿಹಾಸಕ್ಕೆ ಸಲ್ಲದ ಮಾತುಗಳಾಗಿ ತೋರುವುದರಿಂದ, ನಡೆದುಬಂದ ದಾರಿಯನ್ನು ಇಲ್ಲಿ ಮತ್ತೊಮ್ಮೆ ಅವಲೋಕಿಸಲು ಯತ್ನಿಸಿದ್ದೇನೆ.

ಆರಂಭದ ದಶಕಗಳನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. 1948ರ ಸಾರ್ವತ್ರಿಕ ಘೋಷಣೆಯಾಗಲಿ 1966ರ ಎರಡು ಒಡಂಬಡಿಕೆಗಳಾಗಲಿ ಲೈಂಗಿಕ ಪ್ರವೃತ್ತಿಯನ್ನು ಹೆಸರಿಸಲಿಲ್ಲ. ಜನಾಂಗ, ವರ್ಣ, ಲಿಂಗ, ಭಾಷೆ, ಧರ್ಮ ಮೊದಲಾದವನ್ನು ಎಣಿಸಿ ಕೊನೆಯಲ್ಲಿ ‘ಇತರ ಸ್ಥಾನಮಾನ’ ಎಂದು ಸೇರಿಸಿ ಮುಗಿಸಿದವು. ನಾಜಿಗಳು 1935ರಲ್ಲಿ ಉಗ್ರಗೊಳಿಸಿದ, ಪುರುಷರ ಸಲಿಂಗ ಸಂಬಂಧವನ್ನು ದಂಡಿಸುವ, ಜರ್ಮನಿಯ ದಂಡ ಸಂಹಿತೆಯ 175ನೆಯ ಕಲಮಿನ ವಿರುದ್ಧ ಯುರೋಪಿಯನ್ ಮಾನವ ಹಕ್ಕುಗಳ ಆಯೋಗಕ್ಕೆ ಬಂದ ದೂರು 1955ರಲ್ಲಿ ವಿಚಾರಣೆಗೂ ಅರ್ಹವಲ್ಲವೆಂದು ತಿರಸ್ಕೃತವಾಯಿತು. ಅಂದರೆ ಯುದ್ಧಾನಂತರದ ಯುರೋಪು ಈ ಹಕ್ಕಿನ ತವರಾಗಿರಲಿಲ್ಲ. ನಮ್ಮ ಕಡೆಗೆ ಯುರೋಪಿನಿಂದ ಬಂದುದು ಶಿಕ್ಷೆಯ ಕಲಮು: 1860ರ ಭಾರತೀಯ ದಂಡ ಸಂಹಿತೆಯ 377ನೆಯ ಕಲಂ ಸಿಂಹಳ, ಬರ್ಮಾ, ಮಲಯಾ, ಸಿಂಗಪುರಗಳಿಗೆ ಅಲ್ಪಸ್ವಲ್ಪ ಬದಲಾವಣೆಗಳೊಡನೆ ಹಬ್ಬಿತು, 1899ರ ಕ್ವೀನ್ಸ್‌ಲ್ಯಾಂಡ್ ಸಂಹಿತೆ ಅದೇ ಜಾತಿಯ ಅಪರಾಧವನ್ನು ಆಫ್ರಿಕದ ಹಲವು ವಸಾಹತುಗಳಿಗೂ ಟಾಸ್ಮೇನಿಯಕ್ಕೂ ಕೊಂಡೊಯ್ದಿತು.

ಮೊದಲ ಜಯವು 1981ರ ಅಕ್ಟೋಬರಿನಲ್ಲಿ ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ದೊರೆಯಿತು. ಬೆಲ್‌ಫಾಸ್ಟಿನ ಹಡಗು ಕಚೇರಿಯ ಗುಮಾಸ್ತ ಜೆಫ್ರಿ ಡಜನ್ ಅವರ ಮನೆಯನ್ನು ಪೊಲೀಸರು ಮಾದಕವಸ್ತುಗಳ ಶೋಧಕ್ಕೆಂದು 1976ರಲ್ಲಿ ಹೊಕ್ಕು, ಅವರ ಪತ್ರಗಳನ್ನೂ ದಿನಚರಿಗಳನ್ನೂ ಎತ್ತಿಕೊಂಡು ಹೋಗಿ, ಠಾಣೆಯಲ್ಲಿ ಗಂಟೆಗಟ್ಟಲೆ ಅವರ ಲೈಂಗಿಕ ಜೀವನವನ್ನು ಕುರಿತು ಪ್ರಶ್ನಿಸಿದ್ದರು. ವಯಸ್ಕ ಪುರುಷರ ನಡುವಣ ಸಮ್ಮತಿಯ ಸಂಬಂಧವನ್ನು ದಂಡಿಸುವ ಉತ್ತರ ಐರ್ಲೆಂಡಿನ ಕಾನೂನು ಖಾಸಗಿ ಜೀವನದ ಹಕ್ಕಿಗೆ ವಿರುದ್ಧವೆಂದು 15 ನ್ಯಾಯಮೂರ್ತಿಗಳು, ನಾಲ್ವರ ಭಿನ್ನಾಭಿಪ್ರಾಯದ ನಡುವೆ, ನಿರ್ಣಯಿಸಿದರು. ಈ ತೀರ್ಪು ಮಹತ್ತರವಾದುದೆಂಬುದರಲ್ಲಿ ಸಂಶಯವಿಲ್ಲ. ಆದರೆ ತಾರತಮ್ಯದ ಪ್ರಶ್ನೆಯನ್ನು ಪ್ರತ್ಯೇಕವಾಗಿ ಪರಿಶೀಲಿಸುವ ಅಗತ್ಯವಿಲ್ಲವೆಂದು ಆ ನ್ಯಾಯಾಲಯವು ಬದಿಗಿರಿಸಿದ್ದನ್ನು ನಮ್ಮ ಪಠ್ಯಪುಸ್ತಕಗಳು ಸಾಕಷ್ಟು ಗಮನಿಸಿಲ್ಲ. ಐರ್ಲೆಂಡಿನ ನಾರಿಸ್ ಪ್ರಕರಣವೂ (1988) ಸೈಪ್ರಸ್ಸಿನ ಮೋದಿನೋಸ್ ಪ್ರಕರಣವೂ (1993) ಅದೇ ಜಾಡನ್ನು ಹಿಡಿದುವು. ತಾರತಮ್ಯದ ನಿಷೇಧವೇ ಇಲ್ಲಿ ಅನ್ವಯಿಸುತ್ತದೆಂದು ಸ್ಟ್ರಾಸ್‌ಬರ್ಗ್ ಸ್ಪಷ್ಟವಾಗಿ ಹೇಳಲು, ಮಗಳ ಪಾಲನೆಯ ಹಕ್ಕನ್ನು ಕಳೆದುಕೊಂಡ ಪೋರ್ಚುಗಲ್ಲಿನ ತಂದೆಯೊಬ್ಬರ ಮೊಕದ್ದಮೆ 1999ರಲ್ಲಿ ತೀರ್ಮಾನವಾಗುವವರೆಗೆ ಕಾಯಬೇಕಾಯಿತು.

ಈ ನಡುವೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯು ಒಂದು ಹೆಜ್ಜೆ ಮುಂದಿಟ್ಟಿತ್ತು. ಇದೇ ಸಮಿತಿ 1982ರಲ್ಲಿ ಫಿನ್‌ಲೆಂಡಿನ ಪ್ರಸಾರ ಸಂಸ್ಥೆಯು ಸಲಿಂಗಪ್ರೇಮವನ್ನು ಕುರಿತ ಕಾರ್ಯಕ್ರಮಗಳ ಮೇಲೆ ಹೇರಿದ ನಿರ್ಬಂಧವನ್ನು ಸಾರ್ವಜನಿಕ ನೀತಿಯ ಹೆಸರಿನಲ್ಲಿ ಒಪ್ಪಿದುದನ್ನು ನೆನೆದರೆ 1994ರ ಮಾರ್ಚ್ 31ರ ಟೂನನ್ ಅಭಿಮತದ ಮಹತ್ತ್ವ ಇನ್ನಷ್ಟು ಸ್ಪಷ್ಟವಾಗುತ್ತದೆ. ಟಾಸ್ಮೇನಿಯದ ನಿಕೊಲಸ್ ಟೂನನ್ ಅವರ ಮೇಲೆ ಮೊಕದ್ದಮೆಯೇ ಹೂಡಲ್ಪಟ್ಟಿರಲಿಲ್ಲ. ಕಾನೂನು ಪುಸ್ತಕದಲ್ಲಿ ಸಲಿಂಗ ಸಂಬಂಧವನ್ನು ದಂಡಿಸುವ ಕಲಮುಗಳು ಇರುವುದೇ ತಮ್ಮ ಬಾಳಿಗೆ ನಿತ್ಯದ ಭೀತಿಯೆಂದು ಅವರು ವಾದಿಸಿದರು, ಸಮಿತಿ ಅದನ್ನು ಒಪ್ಪಿತು. ಏಡ್ಸ್ ತಡೆಗೆ ಈ ಕಾನೂನು ಬೇಕೆಂದು ಟಾಸ್ಮೇನಿಯ ಒಡ್ಡಿದ ಸಮರ್ಥನೆಯನ್ನು, ಅದು ಸೋಂಕಿನ ಅಪಾಯದಲ್ಲಿರುವವರನ್ನು ಕತ್ತಲಿಗೆ ತಳ್ಳುತ್ತದೆಂಬ ಕಾರಣದಿಂದ, ತಿರಸ್ಕರಿಸಿತು. ಇವೆಲ್ಲಕ್ಕಿಂತ ಮಿಗಿಲಾಗಿ, ಒಡಂಬಡಿಕೆಯ 2 ಮತ್ತು 26ನೆಯ ವಿಧಿಗಳು ‘ಲಿಂಗ’ವೆಂದು ಹೇಳುವಲ್ಲಿ ಲೈಂಗಿಕ ಪ್ರವೃತ್ತಿಯೂ ಅಡಕವಾಗಿದೆಯೆಂದು ಘೋಷಿಸಿತು. ಅಷ್ಟಾಗಿಯೂ ಸಮಾನತೆಯ 26ನೆಯ ವಿಧಿಯ ಉಲ್ಲಂಘನೆಯನ್ನು ಬೇರೆಯಾಗಿ ವಿಚಾರಿಸದೆ ಬಿಟ್ಟುದು ನನಗೆ ಇಂದಿಗೂ ಸಮಾಧಾನ ತಾರದ ಸಂಗತಿ. ಪ್ರತ್ಯೇಕ ಅಭಿಪ್ರಾಯ ಬರೆದ ಸದಸ್ಯ ವೆನರ್‌ಗ್ರೆನ್ ಒಬ್ಬರೇ ಪ್ರಶ್ನೆಯ ಮರ್ಮವನ್ನು ಮುಟ್ಟಿದವರು. ಟಾಸ್ಮೇನಿಯವು ತನ್ನ ಕಾನೂನನ್ನು 1997ರಲ್ಲಿ ರದ್ದುಪಡಿಸಿತು.

ನನ್ನ ತಲೆಮಾರಿನವರಿಗೆ ಸಮಾನತೆಯ ಪಾಠವನ್ನು ಪೂರ್ಣವಾಗಿ ಕಲಿಸಿದುದು ದಕ್ಷಿಣ ಆಫ್ರಿಕ. ಲೈಂಗಿಕ ಪ್ರವೃತ್ತಿಯ ಮೇಲಣ ತಾರತಮ್ಯವನ್ನು ಹೆಸರೆತ್ತಿ ನಿಷೇಧಿಸಿದ ಮೊತ್ತಮೊದಲ ಸಂವಿಧಾನ ಅಲ್ಲಿಯದು. ಡೆಲ್ಮಸ್ ರಾಜದ್ರೋಹದ ಮೊಕದ್ದಮೆಯಲ್ಲಿ ಸಹಬಂದಿಗಳ ನಡುವೆಯೇ ತಮ್ಮ ಪ್ರವೃತ್ತಿಯನ್ನು ಮರೆಮಾಚದೆ ನಿಂತ ಸೈಮನ್ ಎನ್ಕೋಲಿಯವರಂಥ ಹೋರಾಟಗಾರರು ವರ್ಣಭೇದದ ವಿರುದ್ಧ ನಡೆದ ಸಂಗ್ರಾಮಕ್ಕೂ ಈ ಹಕ್ಕಿಗೂ ಇರುವ ಸಂಬಂಧವನ್ನು ತಮ್ಮ ಬಾಳಿನಿಂದಲೇ ಸಿದ್ಧಮಾಡಿ ತೋರಿಸಿದ್ದರು. ಇದನ್ನು ಬಲ್ಲವರು ಪಾಶ್ಚಾತ್ಯ ಹೇರಿಕೆಯ ಮಾತನ್ನು ಆಡಲಾರರು.

ಈ ಶತಮಾನದ ಆರಂಭದಲ್ಲಿ ಬೆಂಗಳೂರಿನಲ್ಲಿ ನಡೆದ ಕೆಲಸವು ಜಗತ್ತಿನ ಸಮೀಕ್ಷೆಗಳಲ್ಲಿ ಒಂದು ಸಾಲನ್ನೂ ಪಡೆಯುವುದಿಲ್ಲವೆಂಬುದು ವಿಷಾದಕರ. ನಾಗರಿಕ ಸ್ವಾತಂತ್ರ್ಯಗಳ ಸಂಘಟನೆಯಾದ ಪಿಯುಸಿಎಲ್‌ನ ಕರ್ನಾಟಕ ಶಾಖೆಯು 2001ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲಣ ದೌರ್ಜನ್ಯಗಳನ್ನು ಕುರಿತೂ, 2003ರಲ್ಲಿ ಇಲ್ಲಿಯ ಹಿಜ್ಡಾ ಮತ್ತು ಕೋಥಿ ಲೈಂಗಿಕ ಕಾರ್ಮಿಕರನ್ನು ಕುರಿತೂ ಪ್ರಕಟಿಸಿದ ವರದಿಗಳು, ಪೀಡನೆಯು ಎಲ್ಲಿ ನಡೆಯುತ್ತದೆಂಬುದನ್ನು ತೋರಿಸಿಕೊಟ್ಟವು: ಉದ್ಯಾನವನದಲ್ಲಿ, ಬಸ್ ನಿಲ್ದಾಣದಲ್ಲಿ, ಬೀದಿಯಲ್ಲಿ, ಪೊಲೀಸ್ ಠಾಣೆಯಲ್ಲಿ, ಮತ್ತು ಹುಟ್ಟಿದ ಮನೆಯಲ್ಲಿಯೇ. ಡಜನ್ ಅವರಿಗೆ ಮುಚ್ಚಿಕೊಳ್ಳಲು ತಮ್ಮದೆಂಬ ಬಾಗಿಲೊಂದಿತ್ತು. ಈ ವರದಿಗಳ ಪುಟಗಳಲ್ಲಿ ಮಾತನಾಡಿದ ಬಹುಮಂದಿಗೆ ಅದು ಇರಲಿಲ್ಲ. ಖಾಸಗಿತನವನ್ನೇ ನೆಚ್ಚಿದ ನ್ಯಾಯಶಾಸ್ತ್ರವು ಇವರನ್ನು ತಲುಪಲಾರದೆಂಬ ಅರಿವು ಇಲ್ಲಿಯ ಆಲ್ಟರ್ನೇಟಿವ್ ಲಾ ಫೋರಮ್ಮಿನ ಅರವಿಂದ ನಾರಾಯಣ್ ಮೊದಲಾದ ವಕೀಲರ ಬರಹಗಳಲ್ಲಿಯೂ ವಾದಗಳಲ್ಲಿಯೂ ಕೆಲಸ ಮಾಡಿತು.

2009ರ ಜುಲೈ 2ರಂದು 377ನೆಯ ಕಲಮನ್ನು ಪ್ರಶ್ನಿಸಿದ ನಾಜ್ ಫೌಂಡೇಶನ್ ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ನೀಡಿದ ತೀರ್ಪನ್ನು ಈ ಹಿನ್ನೆಲೆಯಲ್ಲಿಯೇ ಓದಬೇಕು. 2004ರಲ್ಲಿ ಬೆಂಗಳೂರಿನ ಹಿಜ್ಡಾ ಒಬ್ಬರು ಅತ್ಯಾಚಾರಕ್ಕೆ ಗುರಿಯಾದ ಮೇಲೂ ಠಾಣೆಯಲ್ಲಿ ಮತ್ತೆ ಚಿತ್ರಹಿಂಸೆ ಅನುಭವಿಸಿದ ವೃತ್ತಾಂತವು ಆ ತೀರ್ಪಿನಲ್ಲಿಯೇ ದಾಖಲಾಗಿದೆ. ನ್ಯಾಯಮೂರ್ತಿಗಳಾದ ಎ.ಪಿ. ಶಾ ಮತ್ತು ಎಸ್. ಮುರಳೀಧರ್ ಅವರು ಡಜನ್, ಟೂನನ್ ಪ್ರಕರಣಗಳನ್ನೂ ದಕ್ಷಿಣ ಆಫ್ರಿಕದ ತೀರ್ಪುಗಳನ್ನೂ ಅಂತಾರಾಷ್ಟ್ರೀಯ ತಜ್ಞರ ಯೋಗ್ಯಕರ್ತ ತತ್ತ್ವಗಳನ್ನೂ ಪರ್ಯಾಲೋಚಿಸಿ, ಖಾಸಗಿತನದ ಜೊತೆಗೆ ಘನತೆ ಮತ್ತು ಸಮಾನತೆಗಳನ್ನು ಆಧಾರವಾಗಿ ಹಿಡಿದು, ಸಂವಿಧಾನದ 15ನೆಯ ಅನುಚ್ಛೇದದ ರಕ್ಷಣೆಯನ್ನು ಲೈಂಗಿಕ ಪ್ರವೃತ್ತಿಗೆ ವಿಸ್ತರಿಸಿದರು. ಟೂನನ್ ಅಭಿಮತವು ಸೂತ್ರರೂಪವಾಗಿ ಹೇಳಿ ನಿಲ್ಲಿಸಿದುದಕ್ಕೆ ಇದು ಭಾಷ್ಯವೆಂದರೆ ಅತಿಶಯವಲ್ಲ. ಸರ್ವೋಚ್ಚ ನ್ಯಾಯಾಲಯದ 2013ರ ಕೌಶಲ್ ತೀರ್ಪು ಬಾಧಿತರು ಅತ್ಯಲ್ಪಸಂಖ್ಯಾತರೆಂಬುದನ್ನೇ ಒಂದು ಕಾರಣವಾಗಿಸಿ ಇದನ್ನು ಅಳಿಸಿತು. ಅಲ್ಪಸಂಖ್ಯೆಯವರಿಗಾಗಿಯೇ ಹಕ್ಕುಗಳಿರುವುದೆಂಬ ಮೂಲತತ್ತ್ವವನ್ನು ಮರೆತ ತೀರ್ಪು ಅದು. ಮರುವರ್ಷವೇ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳನ್ನು ಕುರಿತ ನಾಲ್ಸಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಇನ್ನೊಂದು ಪೀಠವು ಯೋಗ್ಯಕರ್ತ ತತ್ತ್ವಗಳನ್ನು ಮಾನ್ಯಮಾಡಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರಲ್ಲಿ ಕೌಶಲ್ ತರ್ಕದ ಬುಡವನ್ನೇ ಕಿತ್ತಿತು. 2018ರ ಸೆಪ್ಟೆಂಬರ್ 6ರ ನವತೇಜ್ ಸಿಂಗ್ ಜೋಹರ್ ತೀರ್ಪು ಉಳಿದ ಕಾರ್ಯವನ್ನು ಮುಗಿಸಿತು.

ಯೋಗ್ಯಕರ್ತದ ಮಾತು ಬಂದಿತಷ್ಟೆ. ಜಾವಾದ ಆ ನಗರದ ಗಜ ಮದ ವಿಶ್ವವಿದ್ಯಾನಿಲಯದಲ್ಲಿ 2006ರ ನವೆಂಬರಿನಲ್ಲಿ ತಜ್ಞರು ಕೂಡಿ ರೂಪಿಸಿದ 29 ತತ್ತ್ವಗಳಿಗೆ ಯಾವ ರಾಷ್ಟ್ರದ ಸಹಿಯೂ ಇಲ್ಲ. ಆಗಲೇ ಬಂಧಕವಾಗಿದ್ದ ನ್ಯಾಯವನ್ನು ಅವು ಈ ವಿಷಯಕ್ಕೆ ಅನ್ವಯಿಸಿ ಹೇಳಿದವು. ಥಾಯ್ಲೆಂಡಿನ ವಿತಿತ್ ಮುಂತರ್ಭೋರ್ನ್ ಮತ್ತು ಬ್ರೆಜಿಲಿನ ಸೋನಿಯಾ ಕೊರಿಯಾ ಆ ಸಭೆಯ ಸಹಾಧ್ಯಕ್ಷರು. ಜಿನೀವಾದ ವಿಶ್ವಸಂಸ್ಥೆಯ ಮಾನವ ಹಕ್ಕು ವೇದಿಕೆಗಳ ರಾಜಕಾರಣ ಮಾತ್ರ ಹಿಂದುಮುಂದಾಗಿಯೇ ಸಾಗಿತು: ಬ್ರೆಜಿಲ್ 2003ರಲ್ಲಿ ಮುಂದಿಟ್ಟ ಕರಡು ನಿರ್ಣಯವು ಮತಕ್ಕೇ ಬಾರದೆ ಮುಂದೂಡಲ್ಪಟ್ಟಿತು, ದಕ್ಷಿಣ ಆಫ್ರಿಕ ತಂದ ನಿರ್ಣಯವು 2011ರ ಜೂನಿನಲ್ಲಿ 23 ಮತಗಳಿಂದ, 19 ವಿರೋಧಗಳ ಎದುರು, ಅಂಗೀಕೃತವಾಯಿತು, ಸ್ವತಂತ್ರ ತಜ್ಞರ ನೇಮಕಕ್ಕೆ 2016ರಲ್ಲಿ ಮತ ಕೇಳಿದಾಗ ಅದೇ ದಕ್ಷಿಣ ಆಫ್ರಿಕ ತಟಸ್ಥವಾಯಿತು. ಭಾರತವೂ ತಟಸ್ಥವಾಗಿತ್ತು.

ಸ್ತ್ರೀಯರ ವಿಷಯದಲ್ಲಿ ಈ ನ್ಯಾಯದ ಮೌನವು ದೀರ್ಘವಾದುದು. ಮೊದಲ ಪ್ರಕರಣಗಳೆಲ್ಲ ಪುರುಷರವು, ಏಕೆಂದರೆ ದಂಡದ ಕಲಮುಗಳು ಪುರುಷರನ್ನೇ ಉದ್ದೇಶಿಸಿದ್ದವು; ಸ್ತ್ರೀಯರ ಮೇಲಣ ಒತ್ತಡವು ಕುಟುಂಬದೊಳಗೆ, ಬಲವಂತದ ಮದುವೆಯಲ್ಲಿ, ಮಕ್ಕಳ ಅಗಲಿಕೆಯಲ್ಲಿ ನಡೆಯುವುದರಿಂದ ಖಾಸಗಿತನದ ತತ್ತ್ವವು ಅವರಿಗೆ ನೆರವಾಗುವ ಬದಲು ಎಷ್ಟೋ ಸಲ ಪೀಡಕರ ಕಡೆಗೇ ನಿಂತಿತು. ಚಿಲಿಯ ನ್ಯಾಯಾಧೀಶೆ ಕರೆನ್ ಅಟಾಲಾ ಅವರು ಸಂಗಾತಿಯೊಬ್ಬಳೊಡನೆ ಬಾಳತೊಡಗಿದ ಕಾರಣಕ್ಕೆ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಮೂವರು ಹೆಣ್ಣುಮಕ್ಕಳನ್ನು ಅವರಿಂದ ತೆಗೆದು ತಂದೆಗೆ ಒಪ್ಪಿಸಿತು. ಮಕ್ಕಳು ಸಮಾಜದ ನಿಂದೆಗೆ ಗುರಿಯಾದಾರೆಂಬ ಆ ತರ್ಕವನ್ನು ಅಂತರ-ಅಮೆರಿಕನ್ ನ್ಯಾಯಾಲಯವು 2012ರಲ್ಲಿ ಅಲ್ಲಗಳೆದು, ಸಮಾಜದ ಪೂರ್ವಗ್ರಹವು ತಾರತಮ್ಯಕ್ಕೆ ಸಮರ್ಥನೆಯಾಗಲಾರದೆಂದು ತೀರ್ಮಾನಿಸಿತು. ಈ ಕ್ಷೇತ್ರದ ಶ್ರೇಷ್ಠ ತೀರ್ಪು ಯಾವುದೆಂದು ಕೇಳಿದರೆ ನಾನು ಇದನ್ನೇ ಹೆಸರಿಸುವೆನು. ಶ್ರೀಲಂಕೆಯಲ್ಲಿಯಂತೂ 1995ರ ತಿದ್ದುಪಡಿಯು ದಂಡ ಸಂಹಿತೆಯ 365ಎ ಕಲಮನ್ನು ಸುಧಾರಿಸುವ ಬದಲು ಸ್ತ್ರೀಯರಿಗೂ ವಿಸ್ತರಿಸಿತು; ರೋಸನ್ನಾ ಫ್ಲೇಮರ್-ಕಾಲ್ಡೆರಾ ಅವರ ದೂರಿನ ಮೇಲೆ ಸ್ತ್ರೀಯರ ವಿರುದ್ಧದ ತಾರತಮ್ಯ ನಿವಾರಣಾ ಸಮಿತಿಯು 2022ರಲ್ಲಿ ಅದನ್ನು ಸ್ತ್ರೀಯರ ಒಡಂಬಡಿಕೆಯ ಉಲ್ಲಂಘನೆಯೆಂದು ಘೋಷಿಸಿತು. ಟೂನನ್ ಅವರಿಗೂ ಇವರಿಗೂ ನಡುವೆ 28 ವರ್ಷಗಳ ಅಂತರವಿದೆ.

ವಿಶ್ವಸಂಸ್ಥೆಯ ಒಂಬತ್ತು ಪ್ರಮುಖ ಒಡಂಬಡಿಕೆಗಳಲ್ಲಿ ಒಂದಾದರೂ ಲೈಂಗಿಕ ಪ್ರವೃತ್ತಿಯನ್ನು ಇಂದಿಗೂ ಹೆಸರಿಸಿಲ್ಲ. ಎಲ್ಲವೂ ವ್ಯಾಖ್ಯಾನದ ಬಲದ ಮೇಲೆ ನಿಂತಿದೆ. 60ಕ್ಕೂ ಹೆಚ್ಚು ದೇಶಗಳಲ್ಲಿ ದಂಡದ ಕಾನೂನು ಉಳಿದಿದೆ, ಉಗಾಂಡ 2023ರಲ್ಲಿ ಅದನ್ನು ಮರಣದಂಡನೆಯವರೆಗೆ ಏರಿಸಿತು. ನಮ್ಮಲ್ಲಿ ದಂಡದ ಭಯ ತೊಲಗಿದ್ದರೂ, ಖಾಸಗಿ ಉದ್ಯೋಗದಲ್ಲಿ, ಬಾಡಿಗೆ ಮನೆಯಲ್ಲಿ ಲೈಂಗಿಕ ಪ್ರವೃತ್ತಿಯ ಮೇಲಣ ತಾರತಮ್ಯವನ್ನು ತಡೆಯುವ ಶಾಸನವು ಸಂಸತ್ತಿನಿಂದ ಬಂದಿಲ್ಲ. 2019ರ ಕಾಯಿದೆ ಲಿಂಗತ್ವ ಅಲ್ಪಸಂಖ್ಯಾತರಿಗೆ ಸೀಮಿತವಾದುದು. ಭಾರತವು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯನ್ನು 1979ರಲ್ಲಿಯೇ ಅಂಗೀಕರಿಸಿದೆ. ಆದರೆ ವ್ಯಕ್ತಿಗಳು ನೇರವಾಗಿ ದೂರು ಸಲ್ಲಿಸಲು ಅವಕಾಶ ಕೊಡುವ ಐಚ್ಛಿಕ ಪ್ರೋಟೋಕಾಲನ್ನು ಅಂಗೀಕರಿಸಿಲ್ಲ, ಸ್ತ್ರೀಯರ ಒಡಂಬಡಿಕೆಯ ಪ್ರೋಟೋಕಾಲನ್ನೂ ಅಂಗೀಕರಿಸಿಲ್ಲ. ಆದುದರಿಂದ ಟೂನನ್ ಟಾಸ್ಮೇನಿಯದಿಂದಲೂ ಫ್ಲೇಮರ್-ಕಾಲ್ಡೆರಾ ಕೊಲಂಬೊದಿಂದಲೂ ಹಿಡಿದ ದಾರಿಯು ತಮ್ಮ ಪ್ರವೃತ್ತಿಯ ಕಾರಣದಿಂದ ಬೆಂಗಳೂರಿನಲ್ಲಿ ಕೆಲಸ ಕಳೆದುಕೊಂಡವರಿಗೆ ತೆರೆದಿಲ್ಲ. ಈ ಎರಡು ಪ್ರೋಟೋಕಾಲುಗಳನ್ನು ಅಂಗೀಕರಿಸುವುದು ಕೇಂದ್ರ ಸರ್ಕಾರದ ಕೈಯಲ್ಲಿರುವ ಕೆಲಸ.