ಹಿತ್ತಲ ಗಿಡದ ಚರಿತ್ರೆ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ನಮಗೆಲ್ಲ ಗೊತ್ತು. ಹತ್ತಿರ ಇರುವವರ ಗುಣ ಕಾಣುವುದಿಲ್ಲ ಎಂಬುದು ಅದರ ಅರ್ಥ. ಶಾಲೆಯಲ್ಲಿ ಇತಿಹಾಸ ಪಾಠ ಹೇಳುವ ನನಗೆ ಆ ಮಾತು ಇನ್ನೊಂದು ರೀತಿಯಲ್ಲೂ ನಿಜವೆನಿಸಿದೆ. ಮದ್ದಿನ ಗ್ರಂಥ ಬರೆದವರಿಗೆ ಚರಿತ್ರೆಯಲ್ಲಿ ಹೆಸರುಂಟು; ಹಿತ್ತಲಲ್ಲಿ ಗಿಡ ಬೆಳೆಸಿ ಕಷಾಯ ಕಾಸಿದ ಹೆಣ್ಣುಮಕ್ಕಳಿಗೆ ಇಲ್ಲ.

ನಮ್ಮ ಕೊಣ್ಣೂರನ್ನೇ ನೋಡಿ. ಮಲಪ್ರಭೆಯ ದಂಡೆಯ ಈ ಊರಿನ ಹಳೆಯ ಹೆಸರು ಕೊಳನೂರು. ರಾಷ್ಟ್ರಕೂಟ ಅಮೋಘವರ್ಷನು ಕ್ರಿ.ಶ. 860ರಲ್ಲಿ ಬಂಕೆಯ ಕಟ್ಟಿಸಿದ ಇಲ್ಲಿನ ಬಸದಿಗೆ ದಾನ ಕೊಟ್ಟುದನ್ನು ಇಲ್ಲಿಯ ಶಾಸನ ಹೇಳುತ್ತದೆ. ಜೈನರು ಹೇಳುವ ನಾಲ್ಕು ದಾನಗಳಲ್ಲಿ ಔಷಧದಾನವೂ ಒಂದು. ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥ ಬರೆದ ಉಗ್ರಾದಿತ್ಯ, ಔಷಧಕ್ಕೆ ಮಾಂಸ ಬೇಕಿಲ್ಲವೆಂದು ನೃಪತುಂಗನ ಸಭೆಯಲ್ಲಿ ವಾದಿಸಿದನಂತೆ. ಕನ್ನಡದಲ್ಲೂ ಇಂಥ ಗ್ರಂಥಗಳಿಗೆ ಕೊರತೆಯಿಲ್ಲ. ಸುಮಾರು 1025ರ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಯೂ ಇದೆ, ಗಿಡಮರದ ಆರೈಕೆಯೂ ಇದೆ, ಮದ್ದೂ ಇದೆ. ಚಾಲುಕ್ಯ ಮನೆತನದ ಕೀರ್ತಿವರ್ಮ ದನಗಳಿಗಾಗಿ ‘ಗೋವೈದ್ಯ’ ಬರೆದ. ಹದಿನಾಲ್ಕನೆಯ ಶತಮಾನದ ಮಂಗರಾಜ ವಿಷಚಿಕಿತ್ಸೆಗೆಂದೇ ‘ಖಗೇಂದ್ರಮಣಿದರ್ಪಣ’ ಬರೆದ. ಎಲ್ಲರೂ ಗಂಡಸರೇ. ಆದರೆ ಸೊಪ್ಪು ಕಿತ್ತು, ಅರೆದು, ಸೋಸಿ, ಕೂಸಿನ ಬಾಯಿಗೆ ಹಾಕಿದ ಕೈ ಯಾರದು?

ಆ ಕೈಗಳ ವಿದ್ಯೆ ಬಾಣಂತನದ ಕೋಣೆಯಲ್ಲಿ, ಒಲೆಯ ಮುಂದೆ ಬೆಳೆಯಿತು. ಅಂಟಿನುಂಡಿ, ಅಳವಿ ಪಾಯಸ, ಶುಂಠಿ, ಅಜವಾನ ಎಲ್ಲರ ಮನೆಯಲ್ಲೂ ಉಂಟು; ಆದರೆ ಒಂದು ಮನೆಯ ಹದ ಇನ್ನೊಂದು ಮನೆಯಲ್ಲಿಲ್ಲ. ಬಾಣಂತಿಯ ಮೈ, ಮಳೆಯೋ ಚಳಿಯೋ, ಹಿತ್ತಲಲ್ಲಿ ಏನು ಚಿಗುರಿದೆ ಎಂಬುದನ್ನು ನೋಡಿ ಅಜ್ಜಿಯರು ಪ್ರಮಾಣ ಬದಲಿಸುತ್ತಿದ್ದರು. ರಂಗೋಲಿ ಹಾಕುವವಳಿಗೆ, ಕೌದಿ ಹೊಲಿಯುವವಳಿಗೆ ಇರುವಂಥ ಸ್ವಂತ ಬುದ್ಧಿ ಅದು. ಅದನ್ನು ಕಲೆ ಎಂದು ಯಾರೂ ಕರೆಯಲಿಲ್ಲ, ಅಷ್ಟೆ.

ಇನ್ನೊಂದು ಗುಣ ಹಂಚಿಕೊಳ್ಳುವುದು. ಹೇಳಿಬಿಟ್ಟರೆ ಮದ್ದಿನ ಶಕ್ತಿ ಹೋಗುತ್ತದೆಂದು ಎಷ್ಟೋ ನಾಟಿ ವೈದ್ಯರು ಗುಟ್ಟನ್ನು ತಮ್ಮೊಡನೆ ಒಯ್ದರು. ಹೆಣ್ಣುಮಕ್ಕಳ ಮದ್ದು ಬೇಲಿ ದಾಟಿ ಓಡಾಡಿತು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಂದಾಗ ನನ್ನ ಹಿತ್ತಲಿನ ಆಡುಸೋಗೆಯೂ ಹೋಯಿತು. ನೀರಿಳಿದ ಮೇಲೆ ಗೆಳತಿಯೊಬ್ಬಳು ಒಂದು ಕಡ್ಡಿ ತಂದುಕೊಟ್ಟಳು. ಈಗ ಅದು ನನ್ನೆತ್ತರ ಇದೆ.

ಆ ಆಡುಸೋಗೆಯನ್ನು ಹಗುರವಾಗಿ ಕಾಣಬೇಡಿ. ಕೆಮ್ಮಿನ ಔಷಧಗಳಲ್ಲಿ ಬಳಸುವ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದು ಅದರ ಎಲೆಯ ವ್ಯಾಸಿಸಿನ್ ಎಂಬ ಸತ್ವದ ಜಾಡು ಹಿಡಿದು. ಆದರೆ ಅದೇ ಸತ್ವ ಗರ್ಭಕೋಶವನ್ನು ಕೆರಳಿಸುತ್ತದೆ. ಬಸುರಿಯರಿಗೆ ಅದು ಸಲ್ಲದು. ಕೂಸಿಗೆ ತೇಯ್ದು ನೆಕ್ಕಿಸುವ ಬಜೆಯಲ್ಲಿರುವ ಬೀಟಾ ಅಸರೋನ್ ಇಲಿಗಳಲ್ಲಿ ಗಡ್ಡೆ ತಂದಿದೆ. ಈಶ್ವರಿ ಬೇರಿನಲ್ಲಿರುವ ಆಮ್ಲ ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಹಾವು ಕಚ್ಚಿದರೆ ಯಾವ ಬೇರೂ ಬೇಡ, ನೇರ ಆಸ್ಪತ್ರೆಗೆ ಓಡಬೇಕು. ಅಜ್ಜಿಯ ಮೇಲಿನ ಪ್ರೀತಿ ಎಂದರೆ ಅವಳು ಹೇಳಿದ್ದೆಲ್ಲವನ್ನೂ ನುಂಗುವುದಲ್ಲ; ಅವಳಂತೆಯೇ ಕಣ್ಣು ತೆರೆದು ನೋಡುವುದು.

ಹೆಸರಿಲ್ಲದ ಈ ಸಾಲಿನಿಂದ ಇಬ್ಬರು ನಮ್ಮ ಕಾಲದಲ್ಲಿ ಬೆಳಕಿಗೆ ಬಂದರು. ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಸಾವಿರಾರು ಹೆರಿಗೆ ಮಾಡಿಸಿದವರು. ಅಲೆಮಾರಿಗಳಿಂದ ಗಿಡಮೂಲಿಕೆಯ ವಿದ್ಯೆ ಕಲಿತವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಕೊನೆಗೆ ತೀರಿಕೊಂಡರು. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡ ಶಾಲೆ ಕಾಣದವರು. ಸಸಿ ಬೆಳೆಸುತ್ತಲೇ ಕಾಡಿನ ಗಿಡಗಳನ್ನೆಲ್ಲ ತಿಳಿದವರು. ಅವರೂ 2024ರ ಡಿಸೆಂಬರಿನಲ್ಲಿ ಹೋದರು. ಬಿರುದು ಮನೆಯ ಗೋಡೆಯ ಮೇಲೆ ಉಳಿಯುತ್ತದೆ. ವಿದ್ಯೆ, ಕಲಿತವರಿದ್ದರೆ ಮಾತ್ರ.

ಗಿಡಗಳೂ ಉಳಿಯಬೇಕಲ್ಲ? ನಮ್ಮ ಗದಗ ಜಿಲ್ಲೆಯ ಕಪ್ಪತಗುಡ್ಡ ಔಷಧಿ ಸಸ್ಯಗಳ ತವರು. ಅದರ ಮೇಲೆ ಗಣಿಯವರ ಕಣ್ಣು ಬಿದ್ದಾಗ ತೋಂಟದ ಸಿದ್ಧಲಿಂಗ ಸ್ವಾಮಿಗಳ ಹಿಂದೆ ಊರೂರ ಜನ ನಿಂತರು. 2019ರಲ್ಲಿ ಗುಡ್ಡದ 244 ಚದರ ಕಿಲೋಮೀಟರಿನಷ್ಟು ಭಾಗ ವನ್ಯಜೀವಿಧಾಮವಾಯಿತು.

ಗುಡ್ಡ ಕಾಯಲು ಸರಕಾರ ಬೇಕು, ಹಿತ್ತಲು ಕಾಯಲು ನಾವು ಸಾಕು. ಓದು ಬಲ್ಲ ನಾವು ಪಟ್ಟಣದ ಹೆಣ್ಣುಮಕ್ಕಳು ಉಪ್ಪಿನಕಾಯಿಯ ಅಳತೆ ಬರೆದಿಡುತ್ತೇವೆ. ಅದೇ ವಹಿಯಲ್ಲಿ ಇನ್ನೆರಡು ಪುಟ ಬಿಡೋಣ. ಗಿಡದ ಹೆಸರು, ಯಾವುದಕ್ಕೆ, ಎಷ್ಟು, ಯಾರಿಗೆ ಕೊಡಬಾರದು ಎಂದು ಬರೆಯೋಣ. ಕೆಳಗೆ ಹೇಳಿಕೊಟ್ಟವಳ ಪೂರ್ತಿ ಹೆಸರನ್ನೂ ಬರೆಯೋಣ. ಬಂಕೆಯನ ಹೆಸರು ಕಲ್ಲಿನ ಮೇಲೆ ಇಷ್ಟು ಕಾಲ ಉಳಿಯಿತು. ನಮ್ಮವ್ವಂದಿರ ಹೆಸರು ಕಾಗದದ ಮೇಲಾದರೂ ನಾಲ್ಕು ತಲೆಮಾರು ಉಳಿಯಲಿ.