ಅಕ್ಷರದ ಕತಿ, ಭಾಗ 4: ಕನ್ನಡದ ಅಂಚು ಯಾಕ ಹಲ್ಲುಹಲ್ಲಾಗಿ ಕಾಣ್ತದ?

ಫೆಸ್ಟ್ ಬಂತಂದ್ರ ನಮ್ಮ ವಿದ್ಯಾನಗರದಾಗ ಎಲ್ಲಿ ನೋಡಿದ್ರೂ ಪೋಸ್ಟರ್. ಇಂಗ್ಲಿಷ್ ದೊಡ್ಡದು, ಕನ್ನಡ ಮೂಲ್ಯಾಗ ಸಣ್ಣದು. ಯಾಕಂತ ಕೇಳಿದ್ರ “ಫೋಟೋಶಾಪ್‌ನಾಗ ಕನ್ನಡ ಚಲೋ ಕಾಣಂಗಿಲ್ಲಲೇ” ಅಂತಾರ. ಆದರೆ ತಪ್ಪು ಲಿಪಿದಲ್ಲ. ಇತಿಹಾಸ ನೋಡ್ರಿ.

ಕನ್ನಡ ದುಂಡು ಲಿಪಿ. ಸ್ಕ್ರೀನಿನ ಪಿಕ್ಸೆಲ್ ಚೌಕ. ಇಂಗ್ಲಿಷಿನ ಎಲ್, ಟಿ, ಎಚ್ ನೇರ ಗೆರೆಗಳು, ಚೌಕದೊಳಗೆ ಸರಿಯಾಗಿ ಕೂಡುತ್ತವೆ. ನಮ್ಮ ಠ, ಲ, ಣ ಸುತ್ತಿ ಸುತ್ತಿ ಬರಬೇಕು. ಪ್ರತಿ ತಿರುವಿನಲ್ಲೂ ಮೆಟ್ಟಿಲು ಕಾಣುತ್ತದೆ.

ಈ ದುಂಡನ್ನು ಯಂತ್ರಕ್ಕೆ ಕಲಿಸೋ ಕೆಲಸ ಹಳೇದು. 1817ರಲ್ಲಿ ವಿಲಿಯಂ ಕೇರಿ ಅವರ ಕನ್ನಡ ವ್ಯಾಕರಣ ಬಂಗಾಳದ ಶ್ರೀರಾಂಪುರದಲ್ಲಿ ಅಚ್ಚುಮೊಳೆಯಲ್ಲಿ ಬಂತು. 1843ರ ಜುಲೈ 1ಕ್ಕೆ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಶುರು ಮಾಡಿದ್ದು ಮಾತ್ರ ಕಲ್ಲಚ್ಚಿನಲ್ಲಿ. ಕೈಬರಹವೇ ಕಲ್ಲಿನಿಂದ ಕಾಗದಕ್ಕೆ ಇಳಿಯುತ್ತಿತ್ತು. ಕಲ್ಲಿನಾಗ ಪಿಕ್ಸೆಲ್ ಎಲ್ಲಿಂದ ಬರಬೇಕು? ಕೈ ಎಳೆದಷ್ಟು ನುಣುಪು.

ಕಂಪ್ಯೂಟರ್ ಬಂದ ಮ್ಯಾಲೆ ಮೆಟ್ಟಿಲಿನ ಕಾಟ ಶುರು. ಈ ಸಮಸ್ಯೆಯ ಬಗ್ಗೆ ಫ್ರಾಂಕ್ ಕ್ರೋ 1977ರಲ್ಲಿ ಬರೆದ ಲೇಖನ ಇವತ್ತಿಗೂ ಪ್ರಸಿದ್ಧ. ಇದಕ್ಕೆ ಮದ್ದು ಆಂಟಿ-ಅಲಿಯಾಸಿಂಗ್. ಅಂಚಿನ ಪಿಕ್ಸೆಲ್‌ನ ಅರ್ಧ ಭಾಗ ಅಕ್ಷರ ಇದ್ದರೆ ಅದಕ್ಕೆ ಅರ್ಧ ಬಣ್ಣ. ಕಣ್ಣು ಮೋಸ ಹೋಗಿ ಗೆರೆ ನುಣುಪು ಅಂದುಕೊಳ್ಳುತ್ತದೆ. 1990ರಲ್ಲಿ ಫೋಟೋಶಾಪ್ ಬಂತು. ಮೊದಲು ಅದರಲ್ಲಿ ಬರೆದದ್ದು ಕೂಡಲೇ ಪಿಕ್ಸೆಲ್ ಆಗಿಬಿಡುತ್ತಿತ್ತು, ತಿದ್ದಾಕ ಬರ್ತಿರಲಿಲ್ಲ. 1998ರ 5.0 ಆವೃತ್ತಿಯಲ್ಲಿ ತಿದ್ದಬಹುದಾದ ಟೈಪ್ ಲೇಯರ್ ಸಿಕ್ಕಿತು.

ಅದೇ 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಆ ಹಳೆ ಫಾಂಟ್‌ಗಳಲ್ಲಿ ಒತ್ತು, ಕೊಂಬು ಎಲ್ಲ ಬಿಡಿ ತುಂಡುಗಳು, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿದ್ದವು. ಫೋಟೋಶಾಪ್ ಅದನ್ನು ಇಂಗ್ಲಿಷ್ ಅಂತಲೇ ತಿಳಿದು ಸರಿಯಾಗಿ ತೋರಿಸುತ್ತಿತ್ತು. ಯೂನಿಕೋಡ್ ಹಂಗಲ್ಲ. ಅದು ಬ, ವಿರಾಮ, ಬ ಅಂತ ಸಾಲಾಗಿ ಇಡುತ್ತದೆ. ಕೂಡಿಸಿ ‘ಬ್ಬ’ ಮಾಡೋದು ಸಾಫ್ಟ್‌ವೇರ್ ಕೆಲಸ. ಹಳೆ ಫೋಟೋಶಾಪ್‌ಗೆ ಅದು ಬರ್ತಿರಲಿಲ್ಲ. ಹುಬ್ಬಳ್ಳಿ ಹೋಗಿ ‘ಹುಬ್‌ಬಳ್‌ಳಿ’, ವಿದ್ಯಾನಗರ ಹೋಗಿ ‘ವಿದ್‌ಯಾನಗರ’! ಅಂಚು ಎಷ್ಟು ನುಣುಪಾದರೇನು, ಊರಿನ ಹೆಸರೇ ಒಡೆದಿತ್ತು. ಅದಕ್ಕ ಡಿಟಿಪಿ ಅಂಗಡಿಗಳು ನುಡಿ ಬಿಡಲಿಲ್ಲ, ನಮ್ಮಂಥವರು ಇಂಗ್ಲಿಷ್ ಹಿಡಿದರು.

ಈಗ ಆ ನೆಪ ಇಲ್ಲ. ಇಷ್ಟು ಮಾಡ್ರಿ:

1. ನಿಮ್ಮ ಆವೃತ್ತಿಯಲ್ಲಿ ಪ್ರಿಫರೆನ್ಸಸ್‌ನ ಟೈಪ್‌ನಲ್ಲಿ ವರ್ಲ್ಡ್-ರೆಡಿ ಲೇಔಟ್ ಆಯ್ಕೆ ಇದ್ದರೆ ಅದನ್ನು ಆರಿಸಿ. ಒತ್ತಕ್ಷರ ಕೂಡುತ್ತವೆ.
2. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ತರಹದ ಯೂನಿಕೋಡ್ ಫಾಂಟ್ ಹಾಕಿ. ಎರಡೂ ಫ್ರೀ.
3. ಆಂಟಿ-ಅಲಿಯಾಸ್ ‘ನನ್’ ಇದ್ದರೆ ‘ಸ್ಮೂತ್’ ಅಥವಾ ‘ಕ್ರಿಸ್ಪ್’ ಮಾಡಿ. ಸಣ್ಣ ಅಕ್ಷರಕ್ಕೆ ಎರಡನ್ನೂ ಹಾಕಿ ನೋಡಿ, ಒತ್ತು ಮಸುಕಾಗಬಾರದು.
4. ಟೈಪ್ ಲೇಯರನ್ನು ರಾಸ್ಟರೈಸ್ ಮಾಡಿ ಹಿಗ್ಗಿಸಬೇಡಿ. ಮೆಟ್ಟಿಲು ಹುಟ್ಟೋದೇ ಅಲ್ಲಿ.

ಮುಂದಿನ ಫೆಸ್ಟ್ ಪೋಸ್ಟರ್ ಮಾಡೋ ದೋಸ್ತನ್ನ ಕೆಳಗ ಟ್ಯಾಗ್ ಮಾಡ್ರಿ. ಈ ಸಲ ಕನ್ನಡ ದೊಡ್ಡದಾಗಿ, ನಡುವಿನಾಗ ಬರಲಿ.

#ಅಕ್ಷರದಕತಿ #ಹುಬ್ಬಳ್ಳಿ #ವಿದ್ಯಾನಗರ