ಔಲಿ: ಕಡಿಮೆ ಖರ್ಚಿನಲ್ಲಿ ಸ್ಕೀಯಿಂಗ್ ಕಲಿಯಲು ಒಂದು ತಾಣ

ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ ಜೋಶಿಮಠದ ನೆತ್ತಿಯ ಮೇಲಿರುವ ಹುಲ್ಲುಗಾವಲು ಪ್ರದೇಶವೇ ಔಲಿ. ಇಂಥ ಎತ್ತರದ ಹುಲ್ಲುಗಾವಲಿಗೆ ಗಡ್ವಾಲಿನ ಜನ ಬುಗ್ಯಾಲ್ ಎನ್ನುತ್ತಾರೆ. ಸುಮಾರು 2500ರಿಂದ 3050 ಮೀಟರ್ ಎತ್ತರದವರೆಗೆ ಹಬ್ಬಿರುವ ಈ ಇಳಿಜಾರುಗಳು ಚಳಿಗಾಲದಲ್ಲಿ ಹಿಮ ಹೊದ್ದು ಸ್ಕೀಯಿಂಗ್ ಮೈದಾನಗಳಾಗುತ್ತವೆ. 2011ರ ಜನವರಿಯಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಹಿಮಸ್ಪರ್ಧೆಗಳು ನಡೆದದ್ದು ಇಲ್ಲೇ. ಗುಲ್ಮಾರ್ಗ್‌ನಷ್ಟು ಹೆಸರು ಔಲಿಗಿಲ್ಲ. ಆದರೆ ಹೊಸದಾಗಿ ಕಲಿಯುವವರಿಗೆ ಬೇಕಾದ ಹದವಾದ ಇಳಿಜಾರು ಇಲ್ಲಿದೆ. ಎದುರಿಗೆ 7816 ಮೀಟರ್ ಎತ್ತರದ ನಂದಾದೇವಿಯೂ ಕಾಣುತ್ತದೆ.

ಯಾವಾಗ ಹೋಗಬೇಕು?

ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಇಲ್ಲಿ ಹಿಮದ ಕಾಲ. ಸಾಮಾನ್ಯವಾಗಿ ಜನವರಿ ಕೊನೆ ಮತ್ತು ಫೆಬ್ರವರಿ ಹೆಚ್ಚು ಭರವಸೆಯ ದಿನಗಳು. ಇಲ್ಲಿಗೆ ಹಿಮ ತರುವುದು ಮುಂಗಾರಲ್ಲ, ಮೆಡಿಟರೇನಿಯನ್ ಕಡೆಯಿಂದ ಬರುವ ವಾಯುಕ್ಷೋಭೆಗಳು. ಅವು ದುರ್ಬಲವಾದ ವರ್ಷ ಔಲಿ ಬೋಳಾಗಿಯೇ ಉಳಿಯಬಹುದು. 2023ರ ಫೆಬ್ರವರಿಯಲ್ಲಿ ಹಿಮ ಸಾಲದೆ ರಾಷ್ಟ್ರಮಟ್ಟದ ಸ್ಪರ್ಧೆಗಳೇ ರದ್ದಾದವು. ಆದ್ದರಿಂದ ದಿನಾಂಕವನ್ನು ತುಸು ಸಡಿಲವಾಗಿಟ್ಟುಕೊಳ್ಳಿ. ರದ್ದು ಮಾಡಿದರೆ ಹಣ ಹಿಂತಿರುಗಿಸುವ ಕಡೆಯೇ ಕೋಣೆ ಕಾಯ್ದಿರಿಸಿ.

ತಲುಪುವ ದಾರಿ

ಹತ್ತಿರದ ವಿಮಾನ ನಿಲ್ದಾಣ ಡೆಹ್ರಾಡೂನ್‌ನ ಜಾಲಿ ಗ್ರ್ಯಾಂಟ್. ರೈಲಿನಲ್ಲಿ ಬರುವವರು ಹರಿದ್ವಾರ ಅಥವಾ ಹೃಷಿಕೇಶದಲ್ಲಿ ಇಳಿಯಬಹುದು. ಹೃಷಿಕೇಶದಿಂದ ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗಗಳ ಮೂಲಕ ಜೋಶಿಮಠಕ್ಕೆ ಸುಮಾರು 250 ಕಿ.ಮೀ. ಬೆಟ್ಟದ ರಸ್ತೆಯಾದ್ದರಿಂದ ಇಡೀ ಹಗಲು ಪ್ರಯಾಣಕ್ಕೇ ಮೀಸಲು. ಬೆಳಗ್ಗೆ ಬೇಗ ಹೊರಟು ಕತ್ತಲಾಗುವುದರೊಳಗೆ ಊರು ಸೇರುವುದು ಒಳ್ಳೆಯದು. ಹಿಮ ಬಿದ್ದು ರಸ್ತೆ ಮುಚ್ಚುವ ಸಾಧ್ಯತೆಯೂ ಇರುವುದರಿಂದ ವಾಪಸಾತಿಗೆ ಒಂದು ದಿನ ಹೆಚ್ಚುವರಿಯಾಗಿ ಇಟ್ಟುಕೊಳ್ಳಿ.

ಜೋಶಿಮಠ: ನೆಲ ಕುಸಿದ ಊರು

ಶೃಂಗೇರಿಯಂತೆಯೇ ಶಂಕರಾಚಾರ್ಯರ ನಾಲ್ಕು ಆಮ್ನಾಯ ಪೀಠಗಳಲ್ಲಿ ಒಂದಾದ ಜ್ಯೋತಿರ್ಮಠದ ನೆಲೆ ಜೋಶಿಮಠ. ಊರು ಕೂತಿರುವುದು ಹಳೆಯ ಭೂಕುಸಿತದ ಸಡಿಲ ಮಣ್ಣಿನ ಮೇಲೆ. ಇಲ್ಲಿ ಭಾರೀ ನಿರ್ಮಾಣ ಬೇಡವೆಂದು 1976ರಲ್ಲೇ ಮಿಶ್ರಾ ಸಮಿತಿ ಎಚ್ಚರಿಸಿತ್ತು. 2023ರ ಜನವರಿಯಲ್ಲಿ ನೂರಾರು ಮನೆಗಳು ಬಿರುಕುಬಿಟ್ಟು ಜನ ನೆಲೆ ಕಳೆದುಕೊಂಡರು. ಔಲಿಗೆ ಏರುತ್ತಿದ್ದ ಸುಮಾರು 4 ಕಿ.ಮೀ. ಉದ್ದದ ರೋಪ್‌ವೇಯೂ ಆಗ ನಿಂತಿತು. ಹಾಗಾಗಿ ರೋಪ್‌ವೇಯನ್ನೇ ನೆಚ್ಚಿಕೊಂಡು ಹೊರಡಬೇಡಿ, ಟ್ಯಾಕ್ಸಿ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ. ಸ್ಥಳೀಯರ ಸಣ್ಣ ವಸತಿಗೃಹಗಳಲ್ಲಿ ಉಳಿದರೆ ನಿಮ್ಮ ಹಣ ನೋವುಂಡ ಊರಿನವರ ಕೈಸೇರುತ್ತದೆ.

ಖರ್ಚು ತಗ್ಗಿಸುವುದು ಹೇಗೆ?

ಚಳಿಗಾಲದಲ್ಲಿ ಬದರಿನಾಥ ದೇಗುಲ ಮುಚ್ಚಿರುವುದರಿಂದ ಈ ಮಾರ್ಗದಲ್ಲಿ ಯಾತ್ರಿಕರ ದಟ್ಟಣೆ ಇರುವುದಿಲ್ಲ. ಹೊಸ ವರ್ಷದ ವಾರ ಮತ್ತು ವಾರಾಂತ್ಯಗಳನ್ನು ಬಿಟ್ಟರೆ ಬಾಡಿಗೆಯಲ್ಲಿ ಉಳಿತಾಯ ಸಾಧ್ಯ. ಸ್ಕೀ, ಬೂಟು, ಕೋಲುಗಳನ್ನು ಕೊಳ್ಳುವ ಅಗತ್ಯವಿಲ್ಲ, ಅಲ್ಲೇ ಬಾಡಿಗೆಗೆ ಸಿಗುತ್ತವೆ. ರಾಜ್ಯ ಸರ್ಕಾರದ ಗಡ್ವಾಲ್ ಮಂಡಲ ವಿಕಾಸ ನಿಗಮ ನಡೆಸುವ ತರಬೇತಿ ಶಿಬಿರಗಳನ್ನೂ ವಿಚಾರಿಸಿ. ಶುಲ್ಕದಲ್ಲಿ ಊಟ, ವಸತಿ, ಸಲಕರಣೆ, ಇಳಿಜಾರಿನ ಮೇಲಕ್ಕೆ ಒಯ್ಯುವ ಲಿಫ್ಟ್ ಏನೇನು ಸೇರಿದೆ ಎಂದು ಕೇಳಿ ತಿಳಿದುಕೊಳ್ಳಿ. ಒಂದೆರಡು ಗಂಟೆ ಜಾರಿ ಫೋಟೊ ತೆಗೆಸಿಕೊಂಡು ಬರುವುದಕ್ಕೆ ಇಷ್ಟು ದೂರದ ಪ್ರಯಾಣ ದುಬಾರಿಯೇ. ವಾರವಿದ್ದು ಕಲಿತರೆ ಕೊಟ್ಟ ಹಣ ಸಾರ್ಥಕ.

ಬೂಟು ಮತ್ತು ಮೊದಲ ಪಾಠ

ಸ್ಕೀಯಿಂಗ್‌ನಲ್ಲಿ ಬೂಟೇ ಮುಖ್ಯ. ಕಾಲುಚೀಲ ಒಂದೇ ಜೊತೆ ಸಾಕು. ನೆಟ್ಟಗೆ ನಿಂತಾಗ ಹೆಬ್ಬೆರಳು ಬೂಟಿನ ತುದಿಗೆ ತಾಗಬೇಕು, ಮಂಡಿ ಬಗ್ಗಿಸಿದಾಗ ತುಸು ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಇಷ್ಟು ನೋಡಿಕೊಂಡೇ ಬಾಡಿಗೆಗೆ ಪಡೆಯಿರಿ.

ಮೊದಲು ಕಲಿಸುವುದು ನಿಲ್ಲುವುದನ್ನು. ಸ್ಕೀಗಳ ಮುಂತುದಿಗಳನ್ನು ಹತ್ತಿರ ತಂದು ಹಿಂಬದಿಯನ್ನು ಹೊರಕ್ಕೆ ತಳ್ಳಿದರೆ ಒಳಅಂಚುಗಳು ಹಿಮವನ್ನು ಕೆರೆದು ವೇಗ ತಗ್ಗುತ್ತದೆ. ಅದೇ ಭಂಗಿಯಲ್ಲಿ ಬಲಗಾಲಿಗೆ ಭಾರ ಕೊಟ್ಟರೆ ಎಡಕ್ಕೆ ತಿರುಗುತ್ತೀರಿ. ಹೆದರಿದವರು ಹಿಂದಕ್ಕೆ ವಾಲುತ್ತಾರೆ, ಆಗಲೇ ಹಿಡಿತ ತಪ್ಪುವುದು. ಮಂಡಿಯ ಕೆಳಗೆ ಕಾಲಿನ ಮುಂಬದಿ ಬೂಟಿನ ಮುಂಭಾಗಕ್ಕೆ ಒತ್ತಿಕೊಂಡಿರಲಿ.

ಆರೋಗ್ಯ, ಸುರಕ್ಷತೆ

ಹಿಮದಿಂದ ಪ್ರತಿಫಲಿಸುವ ಬಿಸಿಲು ಕಣ್ಣಿಗೆ, ಚರ್ಮಕ್ಕೆ ಅಪಾಯಕಾರಿ. ಕಪ್ಪು ಕನ್ನಡಕ, ಸನ್‌ಸ್ಕ್ರೀನ್, ನೀರಿಳಿಯದ ಕೈಗವಸು, ಹೆಲ್ಮೆಟ್ ಬೇಕೇ ಬೇಕು. ಬಯಲುಸೀಮೆಯಿಂದ ಬಂದವರು ಜೋಶಿಮಠದಲ್ಲಿ ಒಂದು ರಾತ್ರಿ ತಂಗಿ ಮೇಲೇರಿದರೆ ದೇಹ ಎತ್ತರಕ್ಕೆ ಒಗ್ಗಿಕೊಳ್ಳಲು ಅನುಕೂಲ. ತಲೆನೋವು, ವಾಂತಿ ಕಾಣಿಸಿಕೊಂಡರೆ ಮೇಲೆ ಹೋಗಬೇಡಿ, ಕಡಿಮೆಯಾಗದಿದ್ದರೆ ಕೆಳಗಿಳಿಯಿರಿ. ಎಷ್ಟೋ ಪ್ರವಾಸ ವಿಮೆಗಳಲ್ಲಿ ಹಿಮಕ್ರೀಡೆಗೆ ರಕ್ಷಣೆ ಇರುವುದಿಲ್ಲ, ಪಾಲಿಸಿ ಓದಿ ನೋಡಿ.

ಹೊರಡುವ ಹಿಂದಿನ ವಾರ ಹವಾಮಾನ ವರದಿ ನೋಡಿ, ವಸತಿಗೃಹಕ್ಕೆ ಫೋನ್ ಮಾಡಿ ಇಳಿಜಾರಿನಲ್ಲಿ ಹಿಮ ಎಷ್ಟಿದೆ, ಲಿಫ್ಟ್ ನಡೆಯುತ್ತಿದೆಯೇ, ರಸ್ತೆ ತೆರೆದಿದೆಯೇ ಎಂದು ಕೇಳಿ. ಹಿಮವೇ ಇಲ್ಲವೆಂದರೆ ಸಂಕೋಚವಿಲ್ಲದೆ ಪ್ರವಾಸ ಮುಂದೂಡಿ.